ಎಲ್‌ಕೆಜಿ, ಯುಕೆಜಿ, ಒಂದನೇ ತರಗತಿ ಮಕ್ಕಳ ಮನೆಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿಯಲ್ಲಿ ನಮ್ಮ ಮನೆ ಜಗುಲಿಯ ಮೇಲೆ ಹದಿನಾಲ್ಕು ವರ್ಷದಿಂದ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಅದಕ್ಕೂ ಮೊದಲು ಆರು ವರ್ಷ ಒಂದು ನರ್ಸರಿಯಲ್ಲಿ ಮಿಸ್ ಆಗಿದ್ದೆ. ಏಪ್ರಿಲ್ ಮುಗಿಯುತ್ತಾ ಬಂತೆಂದರೆ ಫೋನು ಶುರು. ಅದು ಹಲಸಿನ ಹಪ್ಪಳದ ಕಾಲ ಬೇರೆ. ಕೈಯೆಲ್ಲ ಹಿಟ್ಟು ಮಾಡಿಕೊಂಡು, ಭುಜಕ್ಕೂ ಕೆನ್ನೆಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಅದೇ ಮಾತನ್ನು ಮೂವತ್ತು ಸಲ ಹೇಳಿ ಸಾಕಾಗಿದೆ. ಹಾಗಾಗಿ ಬರೆದಿಟ್ಟಿದ್ದೇನೆ. ಓದಿಕೊಂಡು ಆಮೇಲೆ ಫೋನ್ ಮಾಡಿ.

ಮಗನಿಗೆ ನಾಲ್ಕು ವರ್ಷ. ಈಗಲೇ ಟ್ಯೂಷನ್ ಬೇಕಾ?

ಬೇಡ. ಟ್ಯೂಷನ್ ನಡೆಸುವವಳೇ ಹೀಗೆ ಹೇಳಿದರೆ ನಂಬುವವರು ಕಡಿಮೆ, ಆದರೂ ಬೇಡ. ನನಗೆ ಫೋನ್ ಮಾಡುವ ಹತ್ತು ಜನರಲ್ಲಿ ಏಳೆಂಟು ಮಂದಿ ಕೇಳುತ್ತಿರುವುದು ತಮ್ಮ ಹೆದರಿಕೆಗೆ ಮದ್ದು. ಪಕ್ಕದ ಮನೆ ಹುಡುಗಿ ಎ ಟು ಝಡ್ ಬರೀತಾಳಂತೆ, ತಂಗಿ ಮಗ ಮಗ್ಗಿ ಹೇಳ್ತಾನಂತೆ, ನಮ್ಮವನು ಮಾತ್ರ ಕೋಳಿ ಅಟ್ಟಿಸಿಕೊಂಡು ತಿರುಗುತ್ತಾನೆ ಎಂಬ ಹೆದರಿಕೆ. ಮಗು ಚೆನ್ನಾಗಿ ಮಾತಾಡುತ್ತಿದೆ, ಕಥೆ ಹೇಳಿದರೆ ಕೂತು ಕೇಳುತ್ತದೆ, ಅಂಗನವಾಡಿಗೋ ಎಲ್‌ಕೆಜಿಗೋ ಅಳದೆ ಹೋಗಿ ಬರುತ್ತದೆ ಎಂದಾದರೆ ಕೋಳಿ ಅಟ್ಟಿಸಲಿ ಬಿಡಿ.

ಬೇಕಾಗುವ ಸಂದರ್ಭಗಳೂ ಇವೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ, ಮನೆಯಲ್ಲಿ ಮಗುವಿನ ಜೊತೆ ಅರ್ಧ ಗಂಟೆ ಕೂರುವವರು ಇಲ್ಲದಿದ್ದರೆ. ಶಾಲೆಯ ಭಾಷೆ ಮನೆಯಲ್ಲಿ ಯಾರಿಗೂ ಬಾರದಿದ್ದರೆ. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಶಾಲೆ ತಪ್ಪಿದ್ದರೆ. ಒಂದನೇ ತರಗತಿಯಲ್ಲಿ ದಸರಾ ರಜೆ ಕಳೆದರೂ ಅಕ್ಷರ ಗುರುತು ಹತ್ತದಿದ್ದರೆ. ಇಂಥ ಮಕ್ಕಳನ್ನು ಕರೆದುಕೊಂಡು ಬನ್ನಿ.

ಮನೆಪಾಠವೇನೂ ಮಲೆನಾಡಿಗೆ ಹೊಸದಲ್ಲ. ಹಿಂದೆ ಘಟ್ಟದ ಕೆಳಗಿಂದ ಬಂದ ಐಗಳು ದೊಡ್ಡ ಮನೆಗಳ ಉಪ್ಪರಿಗೆಯಲ್ಲೋ ಜಗುಲಿಯಲ್ಲೋ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಇಲ್ಲೇ ಹತ್ತಿರದ ಕುಪ್ಪಳಿಯಲ್ಲಿ ಕುವೆಂಪು ಅವರ ಮೊದಲ ಪಾಠವೂ ಮನೆಯಲ್ಲೇ, ದಕ್ಷಿಣ ಕನ್ನಡದ ಕಡೆಯಿಂದ ಬಂದ ಐಗಳಿಂದಲೇ ಆಯಿತು. ತೀರ್ಥಹಳ್ಳಿ ಶಾಲೆಗೆ ಬಂದದ್ದು ಆಮೇಲೆ. ಆಗ ಶಾಲೆ ದೂರ, ಅದಕ್ಕೆ ಐಗಳು. ಈಗ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದೆ, ಆದರೂ ಟ್ಯೂಷನ್. ಇದೊಂದು ಮಾತ್ರ ನನಗೆ ಅರ್ಥವಾಗಿಲ್ಲ.

ಯಾವ ವಯಸ್ಸಿಗೆ ಸೇರಿಸಿಕೊಳ್ಳುತ್ತೀರಿ?

ಐದು ತುಂಬಿದ ಮೇಲೆ. ಇದರ ಜೊತೆಗೇ ಬರುವ ಪ್ರಶ್ನೆ ಒಂದನೇ ತರಗತಿಯ ವಯಸ್ಸಿನದು, ಅದನ್ನೂ ಹೇಳಿಬಿಡುತ್ತೇನೆ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಅಷ್ಟರೊಳಗೆ ಎಲ್‌ಕೆಜಿ ಸೇರಿಬಿಟ್ಟಿದ್ದ ಮಕ್ಕಳ ಗತಿ ಏನು ಎಂದು ಗಲಾಟೆಯಾಗಿ ಜಾರಿ 2025-26ಕ್ಕೆ ಹೋಯಿತು. ಆ ವರ್ಷ ಮತ್ತೆ ಗಲಾಟೆಯಾಗಿ, ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಾದರೆ ಸಾಕು ಎಂಬ ರಿಯಾಯಿತಿ ಸಿಕ್ಕಿತು. ನಿಮ್ಮ ಮಗು ಸೇರುವ ವರ್ಷದ ಆದೇಶವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ.

ನನ್ನನ್ನು ಕೇಳಿದರೆ, ತಡವಾಗಿ ಸೇರಿಸಿದ್ದಕ್ಕೆ ಪಶ್ಚಾತ್ತಾಪಪಟ್ಟ ಒಬ್ಬ ತಾಯಿಯನ್ನೂ ಇಷ್ಟು ವರ್ಷದಲ್ಲಿ ನೋಡಿಲ್ಲ. ಈ ವಯಸ್ಸಲ್ಲಿ ಎಂಟು ತಿಂಗಳು ಅಂದರೆ ಸಣ್ಣ ಅಂತರವಲ್ಲ. ಜೂನ್‌ನಲ್ಲಿ ಹುಟ್ಟಿದ ಮಗುವನ್ನೂ ಮುಂದಿನ ಫೆಬ್ರವರಿಯಲ್ಲಿ ಹುಟ್ಟಿದ ಮಗುವನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಕಿರಿಯದನ್ನು ದಡ್ಡ ಅನ್ನುವುದು ನಡೆದೇ ಇದೆ.

ಎಷ್ಟು ಹೊತ್ತು? ವಾರಕ್ಕೆ ಎಷ್ಟು ದಿನ?

ನಲವತ್ತು ನಿಮಿಷ, ವಾರಕ್ಕೆ ಮೂರು ದಿನ. ಎರಡು ಗಂಟೆ ಇಟ್ಟುಕೊಳ್ಳಿ, ನಾವು ಪೇಟೆ ಕೆಲಸ ಮುಗಿಸಿ ಬರ್ತೀವಿ ಎನ್ನುವವರಿಗೆ ನಾನು ಒಗ್ಗುವುದಿಲ್ಲ. ಹಳ್ಳಿ ಕಡೆಯಿಂದ ಬರುವ ಮಗು ಬೆಳಗ್ಗೆ ಏಳೂವರೆಗೆ ವ್ಯಾನ್ ಹತ್ತಿರುತ್ತದೆ. ಸಂಜೆ ನಾಲ್ಕೂವರೆಗೆ ಇಲ್ಲಿ ಇಳಿಯುವಾಗ ಅದರ ಕಣ್ಣು ನೋಡಬೇಕು. ಬಂದ ಕೂಡಲೇ ಏನಾದರೂ ತಿನ್ನಿಸಿ, ಹತ್ತು ನಿಮಿಷ ಅಂಗಳದಲ್ಲಿ ಬಿಟ್ಟು ಆಮೇಲೆ ಒಳಗೆ ಕರೆಯುತ್ತೇನೆ. ಆ ಹತ್ತು ನಿಮಿಷ ನಲವತ್ತರೊಳಗೆ ಸೇರಿಲ್ಲ, ಲೆಕ್ಕ ಹಾಕಬೇಡಿ.

ಮೊದಲ ದಿನ ಏನು ಮಾಡಿಸುತ್ತೀರಿ?

ಪುಸ್ತಕ ತೆಗೆಯುವುದಿಲ್ಲ. ಜಗುಲಿಯ ಮೇಲೆ ಒಂದು ಬುಟ್ಟಿ ಗೋಟಡಿಕೆ ಇದೆ, ಸಿಪ್ಪೆ ಸಮೇತ ಒಣಗಿದ್ದು. ಬಾಯಿಗೆ ಹಾಕಿಕೊಳ್ಳಲು ದೊಡ್ಡದು, ಅದಕ್ಕೇ ಅದನ್ನು ಇಟ್ಟಿರುವುದು. ಮಗು ತಾನಾಗಿ ಅದಕ್ಕೆ ಕೈ ಹಾಕುತ್ತದೆ. ಒಂದು ಸ್ಲೇಟು, ಬಳಪ, ಒಂದು ಬೋಗುಣಿ ಒದ್ದೆ ಮಣ್ಣು. ನಾನು ಪಕ್ಕದಲ್ಲಿ ಕೂತು ಏನೋ ಕೆಲಸ ಮಾಡಿಕೊಂಡು ನೋಡುತ್ತಿರುತ್ತೇನೆ. ಯಾವ ಕೈ ಮೊದಲು ಮುಂದೆ ಬರುತ್ತದೆ, ಬೆರಳಲ್ಲಿ ಹಿಡಿಯುತ್ತದೋ ಮುಷ್ಟಿಯಲ್ಲಿ ಹಿಡಿಯುತ್ತದೋ, ಹಿಂದಿನಿಂದ ಮೆಲ್ಲಗೆ ಹೆಸರು ಕರೆದರೆ ತಿರುಗುತ್ತದೋ, ಎರಡು ಮಾತಿನ ಕೆಲಸ ಹೇಳಿದರೆ, ಉದಾಹರಣೆಗೆ ಚೊಂಬು ಒಳಗಿಟ್ಟು ಬಾಗಿಲು ಹಾಕಿ ಬಾ ಅಂದರೆ, ಎರಡನ್ನೂ ಮಾಡುತ್ತದೋ ಒಂದನ್ನೇ ಮಾಡಿ ಬರುತ್ತದೋ. ಇಷ್ಟು ಗೊತ್ತಾದರೆ ಮುಂದಿನ ಮೂರು ತಿಂಗಳ ಕೆಲಸ ನನಗೆ ಸಿಕ್ಕಂತೆ. 'ಎಂತ ಬರತ್ತೆ ನಿಂಗೆ? ಹೇಳು, ಮಿಸ್ಸಿಗೆ ರೈಮ್ಸ್ ಹೇಳು' ಎಂದು ಬಾಗಿಲಲ್ಲಿ ನಿಂತು ಒತ್ತಾಯ ಮಾಡಬೇಡಿ ದಯವಿಟ್ಟು.

ಬಿಟ್ಟು ಹೋದರೆ ಅಳುತ್ತಾಳೆ. ನಾನು ಪಕ್ಕದಲ್ಲೇ ಕೂರಲೇ?

ಮೂರು ದಿನ ಕೂರಿ. ನಾಲ್ಕನೇ ದಿನ ಹೇಳಿಯೇ ಹೋಗಿ. ಕಣ್ಣು ತಪ್ಪಿಸಿ ಓಡಿ ಹೋದ ತಾಯಿಯ ಮಗು ವಾರಗಟ್ಟಲೆ ಬಾಗಿಲನ್ನೇ ನೋಡುತ್ತಿರುತ್ತದೆ.

ಎಲ್ಲರೂ ಅ ಆ ಇ ಈ ಅಂತ ಶುರು ಮಾಡಿಸಿದರೆ ನೀವು ರ ಗ ಸ ಅಂತೀರಂತೆ?

ಹೌದು, ಇದಕ್ಕಾಗಿ ಅಜ್ಜಂದಿರ ಹತ್ತಿರ ಬೈಸಿಕೊಂಡೂ ಆಗಿದೆ. ಒಂದು ಲೆಕ್ಕ ಹಾಕಿ. ಹದಿಮೂರು ಸ್ವರಗಳನ್ನು ತಿಂಗಳುಗಟ್ಟಲೆ ತಿದ್ದಿ ಕಲಿತ ಮಗುವಿಗೆ ಓದಲು ಸಿಗುವುದೇನು? ಆ, ಈ, ಓ. ಅಷ್ಟೇ. ಅದೇ ರ ಗ ಸ ದ ಅ ಎಂಬ ಐದು ಅಕ್ಷರ ಕಲಿತರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ನಮ್ಮ ಕಡೆ ಮನೆಗೆ ಬಡಗಿ ಬಂದು ಹೋಗದ ವರ್ಷವಿಲ್ಲ, ಗರಗಸ ಯಾವ ಮಗುವಿಗೆ ಗೊತ್ತಿಲ್ಲ? ತಾನು ಬಾಯಲ್ಲಿ ಹೇಳುವ ಮಾತು ಸ್ಲೇಟಿನ ಮೇಲೆ ಕೂತಿದೆ ಎಂದು ಗೊತ್ತಾಗುವ ಆ ಗಳಿಗೆ ಮೊದಲ ಎರಡು ಮೂರು ವಾರದಲ್ಲೇ ಬರಬೇಕು. ಬಂದರೆ ಮಿಕ್ಕ ಅಕ್ಷರಗಳನ್ನು ಮಗುವೇ ಕೇಳಿ ಕಲಿಯುತ್ತದೆ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಸರ್ಕಾರಿ ಶಾಲೆಯ ನಲಿ-ಕಲಿಯ ಕ್ರಮ ಇದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆಂಧ್ರದ ರಿಷಿ ವ್ಯಾಲಿಯ ಕಾರ್ಡು ಪದ್ಧತಿ ಅದಕ್ಕೆ ಮಾದರಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಗೋಡೆಯ ಮೇಲೆ ಕಲಿಕೆಯ ಏಣಿ, ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿ ತಾನಿರುತ್ತದೆ. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಸೇರಿಸಿ ಕೂರಿಸುತ್ತಾರೆ ಎಂದು ಅದಕ್ಕೆ ಬೈಯುವವರಿದ್ದಾರೆ, ಆ ಬೈಗುಳದಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಅಕ್ಷರದ ಕ್ರಮ ಮಾತ್ರ ಬಂಗಾರ.

ಅಕ್ಷರಮಾಲೆ ಬೇಡವೇ ಬೇಡ ಅಂತಲ್ಲ. ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿ, ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿ ಬಂದಿರುತ್ತೀರಿ, ಆ ಸಂತೋಷವನ್ನು ನಾನು ಯಾಕೆ ಕಸಿಯಲಿ? ಸ್ವರ, ಯೋಗವಾಹ, ವ್ಯಂಜನ ಸೇರಿ 49 ಅಕ್ಷರವನ್ನು ಹಾಡಿನ ಹಾಗೆ ಬಾಯಲ್ಲಿ ಹೇಳಿಸಿ. ಓದುವುದಕ್ಕೆ ಮಾತ್ರ ಬೇರೆ ದಾರಿ. ಗೋಡೆಗೆ ಹಾಕುವ ಚಾರ್ಟಿನಲ್ಲಿ ಋ ಅಂದರೆ ಋಷಿ, ಐ ಅಂದರೆ ಐರಾವತ. ಕಳೆದ ವರ್ಷ ಒಬ್ಬ ಹುಡುಗ ಆನೆಯ ಚಿತ್ರ ನೋಡಿ, 'ಮಿಸ್, ಐರಾವತ ಅಂದ್ರೆ ಬೆಂಗಳೂರು ಬಸ್ಸಲ್ದಾ?' ಅಂದ. ಅವನ ತಪ್ಪೇನಿದೆ?

ಕಾಗುಣಿತ, ಒತ್ತಕ್ಷರ ಯಾವಾಗ?

ಹದಿನೈದಿಪ್ಪತ್ತು ಅಕ್ಷರ ಸರಾಗವಾದ ಮೇಲೆ ಕಾಗುಣಿತ. ಅದೂ ಇಡೀ ಸಾಲು ಒಟ್ಟಿಗೆ ಅಲ್ಲ. ಮೊದಲು ಇಳಿ, ಗುಡಿಸು, ಕೊಂಬು: ಸರ-ಸಾರು, ಗಿಡ-ಗುಡಿ. 'ಕ ತಲಕಟ್ಟು ಕ, ಕ ಇಳಿ ಕಾ' ಎಂದು ರಾಗವಾಗಿ ಹೇಳುವುದು ನನಗೂ ಇಷ್ಟ, ಕಿವಿಗೆ ಒಳ್ಳೆಯದು. ಒತ್ತಕ್ಷರ ಒಂದನೇ ತರಗತಿಯ ಕೊನೆಗೆ ಶುರುವಾದರೂ ಆಯಿತು, ಎರಡಕ್ಕೆ ಹೋದರೂ ಆಯಿತು. ಎಷ್ಟೋ ದೊಡ್ಡವರಿಗೇ ಅಲ್ಪಪ್ರಾಣ ಮಹಾಪ್ರಾಣ ಬರುವುದಿಲ್ಲ, ಮಗುವಿಗೆ ಯಾಕೆ ಅವಸರ?

ಪೆನ್ಸಿಲ್ ಹಿಡಿಯಲು ಬರುವುದಿಲ್ಲ, ಅಕ್ಷರ ಗೆರೆಯ ಮೇಲೆ ಕೂರುವುದಿಲ್ಲ.

ಕೈ ಇನ್ನೂ ತಯಾರಾಗಿಲ್ಲ. ಮೂರು ಬೆರಳಲ್ಲಿ ಪೆನ್ಸಿಲ್ ಹಿಡಿಯುವ ಹದ ಬಹಳಷ್ಟು ಮಕ್ಕಳಿಗೆ ಐದು ಆರರ ನಡುವೆ ಬರುತ್ತದೆ. ಅದಕ್ಕೆ ಮೊದಲು ನಾಲ್ಕು ಗೆರೆಯ ಕಾಪಿಯಲ್ಲಿ ಕರ್ಸಿವ್ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿಯುತ್ತದೆ, ಆ ಅಭ್ಯಾಸ ಆಮೇಲೆ ಬಿಡಿಸುವುದು ಕಷ್ಟ.

ಕೈ ತಯಾರಾಗುವುದು ಅಡಿಗೆ ಮನೆಯಲ್ಲಿ. ಚಪಾತಿ ಹಿಟ್ಟು ನಾದಲು ಒಂದು ಉಂಡೆ ಕೊಡಿ. ಕಡುಬಿಗೆ ಹಿಟ್ಟು ಕಟ್ಟುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅದರ ಕಡುಬು ವಾರೆಕೋರೆ ಬಂದರೂ ಬೇಯುತ್ತದೆ. ಅವರೆಕಾಳು ಬಿಡಿಸಲಿ, ಬಟ್ಟೆ ಕ್ಲಿಪ್ ಹಾಕಲಿ, ಹೂ ಕಟ್ಟಲು ನಾರು ಹಿಡಿಯಲಿ. ಇಲ್ಲಿ ನಾನು ಸ್ಲೇಟಿನ ಮೇಲೆ ನೀರಲ್ಲಿ ಅದ್ದಿದ ಬೆರಳಿನಿಂದ ಬರೆಸುತ್ತೇನೆ. ಬರೆದದ್ದು ನೋಡನೋಡುತ್ತಾ ಆರಿ ಹೋಗುತ್ತದೆ. ತಪ್ಪಾದರೂ ಉಳಿಯುವುದಿಲ್ಲ ಎಂದು ಮಕ್ಕಳಿಗೆ ಅದು ಬಹಳ ಇಷ್ಟ. ಬಳಪ ಕೊಡುವಾಗ ಉದ್ದದ್ದು ಕೊಡಬೇಡಿ, ಹೆಬ್ಬೆರಳ ಗೆಣ್ಣಿನಷ್ಟು ತುಂಡು ಕೊಡಿ. ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ, ಬೆರಳುಗಳೇ ಮುಂದೆ ಬರಬೇಕಾಗುತ್ತದೆ. ಈ ಉಪಾಯಕ್ಕೆ ಖರ್ಚು ಇಲ್ಲ.

ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬಿಡಿಸಿಕೊಡುತ್ತೀರಾ?

ಇಲ್ಲ. ಒಂದು ಸಲ ಬಿಡಿಸಲು ಹೋಗಿ ಬುದ್ಧಿ ಕಲಿತಿದ್ದೇನೆ. ನಾನು ಪಾಠ ಶುರು ಮಾಡಿದ ಎರಡನೇ ವರ್ಷ. ಅಜ್ಜಿ ಕೈ ಮುಗಿದು ಕೇಳಿಕೊಂಡರು: 'ನಾಳೆ ಬಡಿಸೋ ಕೈ ಅದು, ಹೆಂಗಾರೂ ಮಾಡಿ ಬದಲು ಮಾಡ್ಸಿ.' ನಾನು ಬಳಪವನ್ನು ಬಲಗೈಗೆ ದಾಟಿಸುತ್ತಾ ಹೋದೆ. ಬೈಯಲಿಲ್ಲ, ಹೊಡೆಯಲಿಲ್ಲ, ಬರೀ ದಾಟಿಸಿದೆ. ಮೂರನೇ ವಾರ ಆ ಹುಡುಗಿ ಸ್ಲೇಟನ್ನು ಲಂಗದ ಕೆಳಗೆ ಬಚ್ಚಿಟ್ಟುಕೊಂಡು ಕೂರಲು ಶುರು ಮಾಡಿದಳು. ಮಾತು ತೊದಲತೊಡಗಿತು. ಬಳಪಕ್ಕೂ ತೊದಲಿಗೂ ಸಂಬಂಧ ಇತ್ತೋ ಇಲ್ಲವೋ, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಬಳಪ ಅವಳ ಎಡಗೈಗೇ ಕೊಟ್ಟೆ, ಅಜ್ಜಿಗೆ ನಾನೇ ಹೋಗಿ ಹೇಳಿ ಬಂದೆ. ಈಗ ಎಡಗೈ ಮಕ್ಕಳನ್ನು ಸಾಲಿನ ಎಡ ತುದಿಗೆ ಕೂರಿಸುತ್ತೇನೆ, ಪಕ್ಕದವರ ಮೊಣಕೈಗೆ ತಾಗದ ಹಾಗೆ. ಪುಸ್ತಕವನ್ನು ಸ್ವಲ್ಪ ಬಲಕ್ಕೆ ವಾಲಿಸಿ ಇಡಲು ಹೇಳಿಕೊಡುತ್ತೇನೆ. ಬೇರೇನೂ ಬೇಕಿಲ್ಲ.

ನೂರರವರೆಗೆ ಹೇಳುತ್ತಾಳೆ. ಕೂಡುವ ಲೆಕ್ಕ ಶುರು ಮಾಡಬಹುದಲ್ಲ?

ಹೇಳುವುದು ಬೇರೆ, ಎಣಿಸುವುದು ಬೇರೆ. ಒಬ್ಬಳು ಒನ್‌ನಿಂದ ಹಂಡ್ರೆಡ್‌ವರೆಗೆ ಒಂದೇ ಉಸಿರಿಗೆ ಹೇಳಿದಳು, ಅಮ್ಮನ ಮುಖ ಅರಳಿತು. ನಾನು ಬುಟ್ಟಿ ಮುಂದಿಟ್ಟು, 'ಏಳು ಅಡಿಕೆ ಕೊಡು ಪುಟ್ಟಿ' ಅಂದೆ. ಇಡೀ ಬುಟ್ಟಿಯನ್ನೇ ಎತ್ತಿ ಕೊಟ್ಟಳು. ಧಾರಾಳ ಮನಸ್ಸು!

ಮಗುವಿನ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಬಾಯಿಪಾಠ. ಆಮೇಲೆ ಒಂದು ಮಾತಿಗೆ ಒಂದು ಅಡಿಕೆ ಮುಟ್ಟುವುದು. ಶುರುವಿನಲ್ಲಿ ಬಾಯಿ ಓಡುತ್ತದೆ, ಬೆರಳು ಹಿಂದುಳಿಯುತ್ತದೆ. ಮುಟ್ಟಿ ಸರಿಯಾಗಿ ಎಣಿಸಿದ ಮೇಲೂ 'ಹಂಗಾರೆ ಒಟ್ಟು ಎಷ್ಟು?' ಅಂತ ಕೇಳಿ ನೋಡಿ, ಮತ್ತೆ ಒಂದರಿಂದ ಎಣಿಸಲು ಕೂರುತ್ತದೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಅದಕ್ಕಿನ್ನೂ ಹೊಳೆದಿಲ್ಲ. ಅದು ಹೊಳೆದ ಮೇಲೂ ಇನ್ನೊಂದಿದೆ: ಆರು ಅಡಿಕೆಯ ಎರಡು ಸಾಲು ಮಾಡಿ, ಒಂದು ಸಾಲನ್ನು ಮಗುವಿನ ಕಣ್ಣೆದುರೇ ಅಗಲಿಸಿ ಇಟ್ಟು, ಯಾವುದರಲ್ಲಿ ಜಾಸ್ತಿ ಕೇಳಿ. ಐದು ವರ್ಷದವರು ಹೆಚ್ಚಿನವರು ಅಗಲದ ಸಾಲನ್ನೇ ತೋರಿಸುತ್ತಾರೆ. ಸ್ವಿಸ್ ಮನಃಶಾಸ್ತ್ರಜ್ಞ ಪಿಯಾಜೆ ಮಕ್ಕಳೆದುರು ಇಂಥವೇ ಸಾಲುಗಳನ್ನಿಟ್ಟು ಇದನ್ನು ತೋರಿಸಿಕೊಟ್ಟ. ಈ ಮೆಟ್ಟಿಲುಗಳನ್ನು ಹತ್ತದೆ 4+3 ಬರೆಸಿದರೆ ಮಗು ಉತ್ತರವನ್ನು ನಿಮ್ಮ ಮುಖದಲ್ಲಿ ಹುಡುಕುತ್ತದೆ, ಸ್ಲೇಟಿನಲ್ಲಿ ಅಲ್ಲ.

ಇಂಗ್ಲಿಷ್ ಸಂಖ್ಯೆಗಳಲ್ಲಿ ಒಂದು ಗುಂಡಿ ಇದೆ, ನೋಡಿಕೊಳ್ಳಿ: ಥರ್ಟೀನ್-ಥರ್ಟಿ, ಫೋರ್ಟೀನ್-ಫೋರ್ಟಿ. ಕಿವಿಗೆ ಒಂದೇ ಥರ ಕೇಳಿ ಮಕ್ಕಳು 14 ಎಂದರೆ 40 ಬರೆಯುತ್ತಾರೆ. ಕನ್ನಡದ ಹದಿನಾಲ್ಕು, ನಲವತ್ತು ಎಂದೂ ಕಲೆಸಿಹೋಗುವುದಿಲ್ಲ. ಇಂಗ್ಲಿಷ್ ಮೀಡಿಯಂ ಮಗುವಾದರೂ ಮೊದಲು ಕನ್ನಡದಲ್ಲಿ ಎಣಿಸಲಿ ಎನ್ನುವುದು ಅದಕ್ಕೇ.

ಮನೆಯಲ್ಲಿ ಆಡಿಸಲು ಚೆನ್ನೆಮಣೆಗಿಂತ ಒಳ್ಳೆಯದು ಇಲ್ಲ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದೊಂದು ಗುಳಿಗೆ ಒಂದೊಂದೇ ಕಾಳು ಹಾಕುತ್ತಾ ಹೋಗುವುದು. ಒಂದಕ್ಕೊಂದು ಹೊಂದಿಸಿ ಎಣಿಸುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಆಪ್ ನಾನು ನೋಡಿಲ್ಲ. ಅಟ್ಟದ ಮೇಲೆ ಬಿದ್ದಿರುತ್ತದೆ, ಇಳಿಸಿ, ಒರೆಸಿ.

ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದೇವೆ. ಮನೆಯಲ್ಲೂ ಇಂಗ್ಲಿಷೇ ಮಾತಾಡಬೇಕಂತೆ?

ನಿಮಗೆ ಸಲೀಸಾಗಿ ಬಂದರೆ ಮಾತಾಡಿ. ಬಾರದಿದ್ದರೆ, 'ಕಮ್ ಮಗ, ಈಟ್ ಮಾಡು, ಹ್ಯಾಂಡ್ ವಾಶ್ ಮಾಡು' ಎಂಬ ಭಾಷೆಯಿಂದ ಮಗುವಿಗೆ ಎರಡೂ ಕಡೆಯಿಂದ ನಷ್ಟ. ಮನೆಮಾತಿನಲ್ಲಿ ಉದ್ದ ಉದ್ದ ಮಾತಾಡಿದ, ಯಾಕೆ ಎಂತಕ್ಕೆ ಎಂದು ಪ್ರಶ್ನೆ ಕೇಳಿ ಅಭ್ಯಾಸವಿರುವ ಮಗು ಇಂಗ್ಲಿಷನ್ನೂ ಬೇಗ ಹಿಡಿಯುವುದನ್ನು ನಾನು ನೋಡಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆದಷ್ಟು ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಎಂದೇ ಹೇಳುತ್ತದೆ. ಯಾರು ಕೇಳುತ್ತಾರೆ ಎಂಬುದು ಬೇರೆ ಮಾತು.

ನಮ್ಮ ಮನೆಮಾತು ಕನ್ನಡವಲ್ಲ. ತೊಂದರೆಯಾ?

ಈ ಜಗುಲಿಯ ಮೇಲೆ ಉರ್ದು, ಕೊಂಕಣಿ, ಲಂಬಾಣಿ, ತುಳು ಎಲ್ಲ ಕೂತು ಹೋಗಿವೆ. ಹವಿಗನ್ನಡದ ಮಕ್ಕಳೂ ಶಾಲೆಯ ಕನ್ನಡ ಕೇಳಿ ಮೊದಲ ವಾರ ಪಿಳಿಪಿಳಿ ನೋಡುತ್ತಾರೆ. ಮಗು ತನ್ನ ಮಾತಿನಲ್ಲಿ ಉತ್ತರ ಹೇಳಿದರೆ ನಾನು ತಪ್ಪು ಅನ್ನುವುದಿಲ್ಲ. ಅದನ್ನೇ ಕನ್ನಡದಲ್ಲಿ ಒಂದು ಸಲ ಹೇಳಿ ಮುಂದೆ ಹೋಗುತ್ತೇನೆ. ಶುರುವಿನಲ್ಲಿ ನೀವು ನನಗೆ ನೀರು, ಹೊಟ್ಟೆನೋವು, ಒಂದಕ್ಕೆ, ಎರಡಕ್ಕೆ, ಹೆದರಿಕೆ ಎಂಬ ಐದು ಮಾತನ್ನು ನಿಮ್ಮ ಭಾಷೆಯಲ್ಲಿ ಬರೆದುಕೊಡಿ. ಬಹಳ ಕೆಲಸಕ್ಕೆ ಬರುತ್ತದೆ.

ಶಾಲೆಯ ಹೋಂವರ್ಕ್ ಮುಗಿಸಿ ಕಳಿಸುತ್ತೀರಾ?

ಮುಗಿಸುವ ಗುತ್ತಿಗೆ ತೆಗೆದುಕೊಳ್ಳುವುದಿಲ್ಲ. ಎರಡನೇ ತರಗತಿವರೆಗೆ ಹೋಂವರ್ಕೇ ಕೊಡಬಾರದು ಎಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿದೆ. ಅದರಲ್ಲೇ ಒಂದು, ಎರಡನೇ ತರಗತಿಯ ಬ್ಯಾಗು 1.6ರಿಂದ 2.2 ಕೆಜಿಯೊಳಗೆ ಇರಬೇಕು, ಅದಕ್ಕಿಂತ ಚಿಕ್ಕವರಿಗೆ ಬ್ಯಾಗೇ ಬೇಡ ಎಂದೂ ಇದೆ. ಒಂದು ದಿನ ಕುತೂಹಲಕ್ಕೆ ಒಬ್ಬ ಯುಕೆಜಿ ಹುಡುಗನ ಬ್ಯಾಗನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ: ನೀರಿನ ಬಾಟಲಿ ಸೇರಿ ಮೂರೂವರೆ ಕೆಜಿ. ಯಾವ ಶಾಲೆ ಎಂದು ಕೇಳಬೇಡಿ. ಡೈರಿಯಲ್ಲಿ 'ಎ' ಇಂದ 'ಝಡ್' ಐದು ಸಲ ಎಂದು ಬರೆದಿತ್ತು. ನಾನು ಒಂದು ಸಲ ಚೆಂದ ಬರೆಸಿ, ಕೆಳಗೆ ಒಂದು ಸಾಲು ಟಿಪ್ಪಣಿ ಬರೆದು ಕಳಿಸಿದೆ. ಮಿಸ್ ಏನೂ ಅನ್ನಲಿಲ್ಲ. ಅವರಿಗೂ ನಲವತ್ತು ಪುಸ್ತಕ ತಿದ್ದುವ ಕೆಲಸ, ಅವರೂ ಮನುಷ್ಯರೇ. ನೀವೂ ಹೋಗಿ ನಯವಾಗಿ ಮಾತಾಡಿ, ಮಗುವಿನ ಎದುರಲ್ಲಿ ಶಾಲೆಯನ್ನು ಬೈಯಬೇಡಿ.

ಅಡ್ಮಿಷನ್ ಇಂಟರ್ವ್ಯೂಗೆ ತಯಾರಿ ಮಾಡಿಸುತ್ತೀರಾ?

ಇಲ್ಲ. ಮಗುವನ್ನು ಪರೀಕ್ಷಿಸಿ ಆರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಮೊದಲ ತಪ್ಪಿಗೇ 25,000 ರೂಪಾಯಿವರೆಗೆ ದಂಡ.

ಶಾಲೆಯ ಟೀಚರೇ ಸಂಜೆ ಟ್ಯೂಷನ್ ಹೇಳುತ್ತಾರೆ. ಅಲ್ಲೇ ಹಾಕಲೇ?

ಅದೇ ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಎನ್ನುತ್ತದೆ. ನಾನು ಶಾಲೆ ಬಿಟ್ಟ ಮೇಲೆಯೇ ಈ ಜಗುಲಿ ಹಿಡಿದದ್ದು.

ಮಳೆಗಾಲದಲ್ಲಿ ಹೇಗೆ?

ಹೊರಗಿನಿಂದ ವರ್ಗವಾಗಿ ಬಂದವರು ಇದನ್ನು ಕೇಳುತ್ತಾರೆ, ಊರಿನವರು ಕೇಳುವುದಿಲ್ಲ. ಜುಲೈನಲ್ಲಿ ಬೆಳಗ್ಗೆ ಏಳಕ್ಕೆ ಎಲ್ಲರ ಕಣ್ಣೂ ಮೊಬೈಲ್ ಮೇಲೆ, ಜಿಲ್ಲಾಧಿಕಾರಿಗಳೋ ತಹಸೀಲ್ದಾರರೋ ರಜೆ ಕೊಟ್ಟರೇ ಎಂದು. ಶಾಲೆಗೆ ಮಳೆ ರಜೆ ಇದ್ದ ದಿನ ನನ್ನಲ್ಲೂ ರಜೆ. ಕಾಲುಸಂಕ ದಾಟಿ ಬರುವ ಮಕ್ಕಳು ಹಳ್ಳ ಏರಿದ ದಿನ ರಜೆ ಇರಲಿ ಬಿಡಲಿ ಬರುವುದೇ ಬೇಡ, ನನಗೆ ಹೇಳುವುದೂ ಬೇಡ. ಶಾಲೆ ಆ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸುತ್ತದೆ. ನಾನು ತುಂಬಿಸುವುದಿಲ್ಲ, ಮಗುವಿಗೆ ಅದೊಂದು ಶನಿವಾರವಾದರೂ ಸಿಗಲಿ.

ಬಂದ ಮಕ್ಕಳ ಸಾಕ್ಸ್ ಬಿಚ್ಚಿ ಉಂಬಳ (ಜಿಗಣೆ) ಇದೆಯಾ ನೋಡಿ, ಕಾಲು ಒರೆಸಿ, ಬಚ್ಚಲೊಲೆಯ ಹತ್ತಿರ ಕೂರಿಸುವುದೇ ಮೊದಲ ಪಾಠ. ನಾಲ್ಕೂವರೆಗೇ ಕತ್ತಲು, ಕರೆಂಟು ಇರುವುದಿಲ್ಲ. ಆ ಮಬ್ಬಿನಲ್ಲಿ ಬರೆಸಿದರೆ ಮಕ್ಕಳು ಮೂಗು ಪುಸ್ತಕಕ್ಕೆ ತಾಗಿಸಿ ಕೂರುತ್ತಾರೆ. ಕಾಗದವೂ ಥಂಡಿ ಎಳೆದು ಮೆತ್ತಗಾಗಿರುತ್ತದೆ, ಪೆನ್ಸಿಲ್ ಒತ್ತಿದರೆ ಹರಿಯುತ್ತದೆ, ರಬ್ಬರ್ ಉಜ್ಜಿದರೆ ತೂತು. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನನ್ನಲ್ಲಿ ಸ್ಲೇಟು, ಕಥೆ, ಒಗಟು, ಚೆನ್ನೆಮಣೆ. ಪುಸ್ತಕ ತುಂಬಿಲ್ಲವಲ್ಲ ಎಂದು ಸೆಪ್ಟೆಂಬರ್‌ನಲ್ಲಿ ಬಂದು ಜಗಳ ಆಡಬೇಡಿ.

ಮೊಬೈಲ್‌ನಲ್ಲಿ ಚೆನ್ನಾಗಿ ಕಲಿಯುತ್ತಾನೆ, ಅದನ್ನೇ ಕೊಟ್ಟರೆ?

ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದೇ ಕಡೆ ನಿದ್ದೆ 10ರಿಂದ 13 ಗಂಟೆ ಬೇಕು ಎಂದೂ ಇದೆ, ಅದನ್ನು ಯಾರೂ ಓದುವುದಿಲ್ಲ. ಬೆಳಗ್ಗೆ ಆರಕ್ಕೆ ಎಬ್ಬಿಸುವ ಮಗು ರಾತ್ರಿ ಎಂಟಕ್ಕೆ ಮಲಗಬೇಕು. ಧಾರಾವಾಹಿ ಮುಗಿದ ಮೇಲೆ ಹತ್ತೂವರೆಗೆ ಮಲಗಿದ ಮಗುವಿಗೆ ನಾನು ಏನು ಹೇಳಿಕೊಟ್ಟರೂ ಹತ್ತುವುದಿಲ್ಲ.

ಮಾತು ಕೇಳದಿದ್ದರೆ ಎರಡು ಬಿಡಿ ಮಿಸ್, ನಾವೇನೂ ಅನ್ನುವುದಿಲ್ಲ.

ನಾನು ಬಿಡುವುದಿಲ್ಲ. ಕಾನೂನು ಬೇಡ ಅನ್ನುತ್ತದೆ ಎಂಬುದು ಇರಲಿ. ಒಬ್ಬ ಅಜ್ಜ ತಾವೇ ನಾಗರಬೆತ್ತ ತಂದುಕೊಟ್ಟರು, 'ನಾವೆಲ್ಲ ಇದರಲ್ಲೇ ಕಲಿತಿದ್ದು' ಅಂತ. 'ಎಷ್ಟರವರೆಗೆ ಓದಿದ್ರಿ ಅಜ್ಜಯ್ಯ?' ಕೇಳಿದೆ. 'ಮೂರಕ್ಕೆ ಬಿಟ್ಟೆ ಮಾರಾಯ್ತಿ, ಮೇಷ್ಟ್ರ ಹೊಡೆತ ತಡಿಯಕ್ಕಾಗ್ದೆ' ಅಂದರು. ಹೇಳಿದ ಮೇಲೆ ಅವರಿಗೇ ನಗು ಬಂತು. ಬೆತ್ತ ಈಗ ಬಾಳೆಗೊನೆಗೆ ಊರುಗೋಲು ಆಗಿದೆ.

ಅಕ್ಷರ ತಿರುಗಾಮುರುಗ ಬರೆಯುತ್ತಾನೆ. ಡಿಸ್ಲೆಕ್ಸಿಯಾ ಇರಬಹುದಾ?

ಐದಾರು ವರ್ಷದಲ್ಲಿ ಇಂಗ್ಲಿಷಿನ ಬಿ, ಡಿ ತಿರುಗುವುದು, ಕನ್ನಡದ ವ-ಪ-ಷ, ದ-ಧ-ಥ ಕಲೆಸುವುದು ಮಾಮೂಲು. ಡಿಸ್ಲೆಕ್ಸಿಯಾ ಅಂದರೆ ಓದು-ಬರಹ ಕಲಿಯುವುದರಲ್ಲಿನ ತೊಡಕು, ಈ ವಯಸ್ಸಿಗೆ ಆ ಹೆಸರು ಹಚ್ಚಬೇಡಿ. ಎರಡನೇ ತರಗತಿ ಮುಗಿಯುವಾಗಲೂ ಹಾಗೇ ಇದ್ದರೆ ತೋರಿಸಿ.

ಅದಕ್ಕಿಂತ ಮೊದಲು ನೋಡಬೇಕಾದ್ದು ಕಿವಿ ಮತ್ತು ಕಣ್ಣು. ನಮ್ಮ ಥಂಡಿಗೆ ಮಕ್ಕಳ ನೆಗಡಿ ಮೂರು ತಿಂಗಳು ಬಿಡುವುದಿಲ್ಲ, ಅದು ಕಿವಿಗಿಳಿದು ಸೋರಲು ಶುರುವಾದರೆ ಅರ್ಧ ಮಾತು ಕೇಳಿಸುವುದಿಲ್ಲ. ದಡ್ಡ ಎಂದು ನನ್ನಲ್ಲಿಗೆ ಕಳಿಸಿದ ಒಬ್ಬ ಹುಡುಗನ ಹಿಂದೆ ನಿಂತು ಪಿಸುಮಾತಿನಲ್ಲಿ 'ಬೆಲ್ಲ ಬೇಕಾ?' ಅಂದೆ. ತಿರುಗಲಿಲ್ಲ. ಬೆಲ್ಲಕ್ಕೆ ತಿರುಗದ ಮಗು ಉಂಟೇ? ಶಿವಮೊಗ್ಗಕ್ಕೆ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋದರು, ಔಷಧಿ ಆಯಿತು, ಮೂರು ತಿಂಗಳಲ್ಲಿ ಅವನೇ ಬೇರೆ ಹುಡುಗ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದು ತಪಾಸಣೆ ಮಾಡುತ್ತದೆ. ಆ ದಿನ ಮದುವೆ ಮನೆ ಅಂತ ಮಗುವನ್ನು ರಜೆ ಹಾಕಿಸಬೇಡಿ.

ಫೀಸು?

ತಿಂಗಳಿಗೆ 500 ರೂಪಾಯಿ. ಅಡಿಕೆ ಮಾರಿದ ಮೇಲೆ ಒಟ್ಟಿಗೆ ಕೊಡುತ್ತೇವೆ ಎನ್ನುವವರು ಕೊಡಿ, ಆದರೆ ರೇಟು ಬಂದ ಮೇಲೆ ಎನ್ನಬೇಡಿ. ಅದಕ್ಕೆ ಕಾದು ಒಬ್ಬನ ಮಗ ಐದನೇ ತರಗತಿಗೆ ಬಂದ.

ಯಾವಾಗ ಬಿಡಿಸಬೇಕು?

ನನ್ನಲ್ಲಿ ಆರು ತಿಂಗಳಿಂದ ಒಂದು ವರ್ಷ. ಅದಕ್ಕಿಂತ ಹೆಚ್ಚು ಇಟ್ಟುಕೊಂಡರೆ ಮಗು ಮನೆಯಲ್ಲಿ ತಾನಾಗಿ ಪುಸ್ತಕ ಮುಟ್ಟುವುದನ್ನೇ ಮರೆಯುತ್ತದೆ, ಎಲ್ಲದಕ್ಕೂ 'ಮಿಸ್ ಹೇಳ್ಕೊಡ್ತಾರೆ' ಎಂದು ಕೂರುತ್ತದೆ. ಯಾರೂ ಓದು ಎನ್ನದಿದ್ದಾಗ ಮಗು ಏನನ್ನಾದರೂ ಓದಿದರೆ ಬಿಡಿಸುವ ಕಾಲ ಬಂತು ಎಂದು ಲೆಕ್ಕ. ಹೋದ ವರ್ಷ ಒಬ್ಬಳು ಅಜ್ಜನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವಳು ಗೋಡೆಯ ಮೇಲಿದ್ದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳಂತೆ: 'ಇಲಿ... ಉಗುಳಬಾರದು.' ಆಮೇಲೆ ಅಜ್ಜನನ್ನು ಕೇಳಿದಳಂತೆ, 'ಅಜ್ಜ, ಇಲಿ ಎಂತಕ್ಕೆ ಉಗುಳತ್ತೆ?' ಬಾಯ್ತುಂಬ ಎಲೆಯಡಿಕೆ ಕವಳ ಇದ್ದ ಅಜ್ಜ ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದನ್ನು ಅವರೇ ಬಂದು ಹೇಳಿ ನಕ್ಕರು. ಮುಂದಿನ ತಿಂಗಳಿಂದ ಕಳಿಸಬೇಡಿ ಎಂದೆ. 'ಒತ್ತಕ್ಷರ ಇನ್ನೂ ಬಂದಿಲ್ವಲ್ಲ ಮಿಸ್ಸೇ' ಅಂದರು. ಅದನ್ನು ಶಾಲೆಯವರು ನೋಡಿಕೊಳ್ಳುತ್ತಾರೆ, ಸ್ಲೇಟು ಮರೆಯದೆ ತಗೊಂಡು ಹೋಗಿ ಅಂದೆ.